ಜಂಬಣ್ಣನ ಮಿಲ್ಲಿನ ಸಂಜೆಯ ಚಾ

ಮೊದಲು ಬಿದ್ದವಳು ದುರುಗಮ್ಮ. ಕೈಯಲ್ಲಿದ್ದ ಚೀಲ ಜಾರಿತು, ಅಕ್ಕಿ ನೆಲಕ್ಕೆ ಚೆಲ್ಲಿತು, ಆ ಅಕ್ಕಿಯ ಮೇಲೆಯೇ ಆಕೆ ಬೋರಲಾದಳು. ಎಬ್ಬಿಸಲು ಬಗ್ಗಿದ ಪಕ್ಕದಾಕೆಯೂ ಕುಸಿದಳು. ಇನ್ನೊಬ್ಬಳು ವಾಂತಿ ಮಾಡಿಕೊಳ್ಳುತ್ತ ಬಾಗಿಲತ್ತ ತೆವಳಿದಳು. ಯಾರೋ ಕಿರುಚಿದರು. ಸಿಂಧನೂರು ದಾಟಿ ಕಾಲುವೆಯ ಆಚೆಗಿರುವ ಜಂಬಣ್ಣನ ಅಕ್ಕಿ ಮಿಲ್ಲಿನಲ್ಲಿ ಯಂತ್ರಗಳ ಸದ್ದು ಒಮ್ಮೆಲೇ ನಿಂತಿತು. ಹೆಂಗಸರು ಕುಡಿದಿಟ್ಟ ಚಾದ ಲೋಟಗಳು ಇನ್ನೂ ತೊಳೆಯದೆ ಅಲ್ಲಿಯೇ ಬಿದ್ದಿದ್ದವು.

ಹೀಗಾಗಿ, ಪಿಎಸ್‌ಐ ಪದ್ಮಾವತಿ ಜೀಪಿನಿಂದ ಇಳಿಯುವಷ್ಟರಲ್ಲಿ ತನಿಖೆ ಮುಗಿದೇಹೋಗಿತ್ತು — ಮಿಲ್ಲಿನವರ ಪಾಲಿಗೆ.

"ಬರ್ರಿ ಮೇಡಮ್ಮರ. ಇಕಿನ್ನ ಜಲ್ದಿ ಕರ್ಕೊಂಡು ಹೋಗ್ರಿ," ಎಂದ ಜಂಬಣ್ಣ, ಬೇವಿನ ಗಿಡದ ಕಡೆ ಬೆರಳು ಮಾಡಿ.

ಗಿಡದ ಬುಡದಲ್ಲಿ ಒಬ್ಬ ವಯಸ್ಸಾದ ಹೆಂಗಸು ಕುಕ್ಕರಗಾಲಲ್ಲಿ ಕೂತಿದ್ದಳು. ಸುತ್ತ ಜನ. ಕೆಲವರ ಕೈಯಲ್ಲಿ ಕಟ್ಟಿಗೆ.

"ಯಾರಿಕಿ?"

"ಆದಮ್ಮ. ಚಾ ಮಾಡಾಕಿ. ಚಾದಾಗ ವಿಷ ಹಾಕ್ಯಾಳ."

"ನೀವು ನೋಡಿದ್ರೇನು?"

"ನೋಡೂದೇನೈತ್ರಿ ಅದರಾಗ? ಚಾ ಕುಡಿದ್ರು — ಬಿದ್ರು!"

ಪದ್ಮಾವತಿ ಕಣ್ಣು ಮುಚ್ಚಿ ತೆರೆದಳು. ಮಸ್ಕಿಯ ಬಂದೋಬಸ್ತಿನಲ್ಲಿ ನಿಂತೂ ನಿಂತೂ ಸೊಂಟ ಹಿಡಿದುಕೊಂಡಿತ್ತು. ರಜೆ ಕೇಳಿದರೆ ಸಿಕ್ಕಿರಲಿಲ್ಲ. ಈಗ ಇದು.

"ವಿಷ ಯಾಕ ಹಾಕ್ತಾಳ್ರಿ? ಏನರ ಕಾರಣ ಬೇಕಲ್ಲ?"

"ಮೊದಲ ಬಿದ್ದಾಕಿ ದುರುಗಮ್ಮ ಇಕಿ ಸೊಸಿ. ಇವತ್ತ ಮುಂಜಾಲೆ ಗೇಟಿನಾಗ ನಿಂತು ಇಬ್ರೂ ಜಗಳಾಡ್ಯಾರ. 'ನೀ ಸಾಯ್ತಿ ನೋಡು' ಅಂತ ಒದರ್ಯಾಳ ಇಕಿ. ಬೇಕಾದವರನ್ನ ಕೇಳ್ರಿ."

ಯಾರನ್ನೂ ಕೇಳಬೇಕಾಗಲಿಲ್ಲ. ಎಲ್ಲರೂ ಒಟ್ಟಿಗೇ ಹೌದೆಂದರು.

ಆದಮ್ಮ ತಲೆ ಎತ್ತಿದಳು. "ಬೈದದ್ದು ಖರೆರಿ ಅಕ್ಕೋರ. ವಿಷ ಗಿಷ ನಂಗೊತ್ತಿಲ್ಲ. ನನ್ನ ಸೊಸಿ ಬದುಕ್ಯಾಳೋ ಇಲ್ಲೋ, ಅದಷ್ಟು ಹೇಳ್ರಿ."

"ನೋಡ್ರಿ! ಬೈದದ್ದು ಒಪ್ಕೊಂಡ್ಲು!" ಜಂಬಣ್ಣ ಕೈ ತಟ್ಟಿದ.

"ಬೈಯೂದು, ವಿಷ ಹಾಕೂದು ಎರಡೂ ಒಂದೇ ಏನ್ರಿ? ಹಂಗಿದ್ರ ನಮ್ಮ ಠಾಣೆದಾಗ ಯಾರೂ ಉಳೀತಿದ್ದಿಲ್ಲ," ಎಂದಳು ಪದ್ಮಾವತಿ.

ಅಷ್ಟರಲ್ಲಿ ಒಬ್ಬ ಯುವಕ ನೀರಿನ ಬಾಟಲಿ ಹಿಡಿದು ಬಂದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆಯ ದನಿ. ಜಂಬಣ್ಣನ ಅಣ್ಣನ ಮಗ ಚನ್ನು — ಮಿಲ್ಲಿನ ಮ್ಯಾನೇಜರ್. "ನೀರು ತಗೊಳ್ರಿ ಮೇಡಂ. ಕಾಕಾಗ ಬಿ.ಪಿ. ಐತ್ರಿ, ಅವರ ಮಾತು ಮನಸಿಗೆ ಹಚ್ಕೋಬ್ಯಾಡ್ರಿ. ಹೆಣ್ಮಕ್ಕಳನ್ನ ನಾನೇ ನನ್ನ ಕಾರಿನಾಗ ದವಾಖಾನಿಗೆ ಮುಟ್ಟಿಸಿ ಬಂದೆ. ಅಡಿಗಿ ಕ್ವಾಣಿ ಒಮ್ಮೆ ನೋಡಿಬಿಡ್ರಿ. ನಮ್ಮ ಸಮಾಧಾನಕ್ಕ."

ಅಡಿಗೆ ಕೋಣೆ ಎಂದರೆ ತಗಡಿನ ಒಂದು ಗೂಡು. ಕಟ್ಟಿಗೆ ಒಲೆ. ಗೋಡೆ, ಡಬ್ಬಿ, ಚಮಚ ಎಲ್ಲಕ್ಕೂ ಕೈ ಇಟ್ಟರೆ ಹತ್ತುವಂಥ ಮಸಿ. ಹೆಡ್ ಕಾನ್‌ಸ್ಟೇಬಲ್ ದಾವಲ್‌ಸಾಬ್ ಗೊಣಗುತ್ತ ಒಲೆಯ ಹಿಂದೆ ಕೈ ಹಾಕಿದ. ಏನೋ ಸಿಕ್ಕಿತು. ಹೊರಗೆ ಎಳೆದ.

ಅಲ್ಯುಮಿನಿಯಮ್ಮಿನ ಕೊಳವೆ. ಖಾಲಿ. ಮೇಲೆ ತಲೆಬುರುಡೆಯ ಗುರುತು.

ಪದ್ಮಾವತಿಗೆ ಅದರ ಪರಿಚಯ ಬೇಕಿರಲಿಲ್ಲ. ದಾಸ್ತಾನು ಮಾಡಿದ ಕಾಳಿಗೆ ಹುಳ ಬೀಳದಂತೆ ಇಡುವ ಗುಳಿಗೆ. ಗಾಳಿ ತಾಗಿದರೆ ವಿಷದ ಹೊಗೆ ಬಿಡುತ್ತದೆ. ಈ ಗುಳಿಗೆ ನುಂಗಿ ಸತ್ತವರ ಪಂಚನಾಮೆ ಮಾಡಲು ಆಕೆ ಎಷ್ಟೋ ಊರಿಗೆ ಹೋಗಿದ್ದಳು.

"ಅದು ನಂದಲ್ರಿ!" ಆದಮ್ಮನ ಕೂಗು ಜನರ ಗದ್ದಲದಲ್ಲಿ ಮುಳುಗಿತು.

ದಾವಲ್‌ಸಾಬನ ಮೊಳಕೈಯವರೆಗೂ ಕರಿ ಮಸಿ. ಅವನ ಬೆರಳ ತುದಿಯಲ್ಲಿ ಕೊಳವೆ ಫಳಫಳ ಹೊಳೆಯುತ್ತಿತ್ತು. ಪದ್ಮಾವತಿ ಅದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟಳು. ಆದಮ್ಮನನ್ನು ಅಲ್ಲಿಯೇ ಬಿಟ್ಟರೆ ಜನ ಹೊಡೆದೇ ಹಾಕುವ ಹಾಗಿತ್ತು. ಮಹಿಳಾ ಪೇದೆಯ ಜೊತೆ ಜೀಪು ಹತ್ತಿಸಿ ಠಾಣೆಗೆ ಕಳಿಸಿದಳು.

ಫೋನು ಬಡಿದುಕೊಂಡಿತು. ಮೇಲಿನ ಸಾಹೇಬರು.

"ಗುಳಿಗೆ ಸಿಕ್ಕಿದೆಯಂತೆ. ಜಗಳಕ್ಕೆ ಸಾಕ್ಷಿ ಇದೆಯಂತೆ. ಇನ್ನೇನು ಬೇಕು ನಿಮಗೆ?"

"ಸಾರ್, ಪೇಷಂಟುಗಳನ್ನ ಇನ್ನೂ ಮಾತಾಡಿಸಿಲ್ಲ —"

"ನಾಳೆ ಸಂಜೆಯೊಳಗೆ ಮುಗಿಸಿ."

ಅತ್ತ ಕಡೆ ಫೋನು ಇಟ್ಟಾಗಿತ್ತು. ಕೇಳುವವರೇ ಇಲ್ಲ. ಹೇಳುವವರು ಮಾತ್ರ ಊರ ತುಂಬ.

*

ಬೆಳಿಗ್ಗೆ ಆಸ್ಪತ್ರೆಯಲ್ಲಿ ವೈದ್ಯರು ಅವಸರದಲ್ಲಿದ್ದರು. ದುರುಗಮ್ಮನಿಗೆ ಇನ್ನೂ ಎಚ್ಚರವಿಲ್ಲ. ಮೂಗಿಗೆ ಆಕ್ಸಿಜನ್. ನಾಡಿ ಏರುಪೇರು. ಉಳಿದವರು ಸುಧಾರಿಸಿದ್ದರು.

"ತಿಂದದ್ದರಲ್ಲೇ ಏನೋ ಇದೆ," ಎಂದರು ವೈದ್ಯರು. "ಕರೆತಂದಾಗ ಎಲ್ಲರ ಬಟ್ಟೆ, ಉಸಿರು, ಬೆಳ್ಳುಳ್ಳಿ ವಾಸನೆ. ಹಳಸಿದ ಚಟ್ನಿ ತಿಂದಿರಬೇಕು."

"ಚಟ್ನಿ ಇತ್ತು ಅಂತ ಯಾರು ಹೇಳಿದ್ರು ಡಾಕ್ಟ್ರೇ?"

"ವಾಸನೆ ಬಂತಲ್ಲ."

ಪದ್ಮಾವತಿ ಹಲ್ಲು ಕಚ್ಚಿದಳು. ಚಾ ಕುಡಿದರು, ಬಿದ್ದರು. ವಾಸನೆ ಬಂತು, ಚಟ್ನಿ ತಿಂದರು. ಈ ಊರಿನಲ್ಲಿ ಎಲ್ಲರಿಗೂ ಉತ್ತರ ಮೊದಲೇ ಗೊತ್ತು.

ಕಿಟಕಿ ಪಕ್ಕದ ಮಂಚದಲ್ಲಿ ತುರ್ವಿಹಾಳದ ಯಂಕಮ್ಮ ಎದ್ದು ಕೂತಿದ್ದಳು. ದುರುಗಮ್ಮನನ್ನು ಎಬ್ಬಿಸಲು ಹೋಗಿ ಬಿದ್ದವಳು ಇವಳೇ.

"ಮಧ್ಯಾಹ್ನ ಏನು ಉಂಡ್ಯವ್ವಾ?"

"ರೊಟ್ಟಿ, ಪುಂಡಿಪಲ್ಯ. ಮನಿಯಿಂದ ಕಟ್ಕೊಂಡು ಹೋಗಿದ್ದೆ."

"ಚಾ ಹೆಂಗಿತ್ತು? ರುಚಿ ಏನರ ಬ್ಯಾರೆ ಇತ್ತೇನು?"

"ನಾ ಚಾ ಕುಡ್ಯಂಗೇ ಇಲ್ರಿ."

ಪದ್ಮಾವತಿಯ ಪೆನ್ನು ನಿಂತಿತು. "ಕುಡಿದಿಲ್ಲ? ನಿನ್ನೆ ಸುದ್ದಾ?"

"ಯಾವತ್ತೂ ಇಲ್ರಿ. ಕುಡಿದ್ರ ಹೊರಗ ಹೋಗಬೇಕಾಗ್ತೈತಿ. ಹೆಣ್ಮಕ್ಕಳ ಸಂಡಾಸಕ್ಕ ಕೀಲಿ ಜಡಿದಾರ. ಅದಕ್ಕ ನಾವು ಬಾಳ ಮಂದಿ ನೀರೂ ಕುಡ್ಯಂಗಿಲ್ಲ."

"ಚಾ ಕುಡಿಯದಾಕಿ ಹೆಂಗ ಬಿದ್ದಿ ಮತ್ತ? ಇದನ್ನ ಯಾರಿಗೂ ಹೇಳಲಿಲ್ಲೇನು?"

"ಯಾರೂ ಕೇಳಲಿಲ್ಲಲ್ರಿ."

ಪಕ್ಕದ ಮಂಚದಾಕೆ ಮುಖ ಆಚೆ ತಿರುಗಿಸಿ ನಕ್ಕಳು. ನಗುವಂಥದ್ದೇನೂ ಇರಲಿಲ್ಲ.

"ಈ ಜಡ್ಡು ನಿನ್ನೇ ಬಂತೋ, ಮೊದ್ಲ ಇತ್ತೋ?"

"ಮೊದ್ಲ ಸುರುವಾಗೈತ್ರಿ. ಮೂರ್ನಾಕು ದಿನ ಆತು. ತಲಿ ಸಿಡಿತೈತಿ, ಎದಿ ಬಿಗಿ ಹಿಡಿದಂಗ. ಸಂಜಿಕ ಬಸ್ಸಿನಾಗ ಕುಂತು ಗಾಳಿ ಬಡಿದ್ರ ಹಗುರ. ಮುಂಜಾಲೆ ಶೆಡ್ಡಿಗೆ ಹೋದ್ರ ಮತ್ತ ಸುರು."

"ಮ್ಯಾನೇಜರಗ ಹೇಳಿದ್ರೇನು?"

"ಹೇಳಿದ್ವಿರಿ. 'ನೀವು ಹೊಟ್ಟಿಗಿ ಸರಿ ತಿನ್ನಂಗಿಲ್ಲ, ಅದಕ್ಕ ನಿಶ್ಶಕ್ತಿ' ಅಂದ್ರು. ಗ್ಲುಕೋಸ್ ಪುಡಿ ಕೊಟ್ರು."

ಪದ್ಮಾವತಿ ಅದನ್ನೂ ಬರೆದುಕೊಂಡಳು. ಆಕೆಯ ಅಪ್ಪ ಅಂಬಪ್ಪ ಲಿಂಗಸುಗೂರಿನ ಕಡೆಯ ಒಂದು ಕಲ್ಲು ಕ್ರಷರಿನಲ್ಲಿ ದುಡಿದವನು. ಕೆಮ್ಮಿ ಕೆಮ್ಮಿ ಎದೆ ಗೂಡಾಗಿತ್ತು. ಬೀಡಿ ಬಿಡು ಎಂದು ಕ್ರಷರಿನ ಮಾಲೀಕ ಎಲ್ಲರೆದುರು ಬುದ್ಧಿ ಹೇಳಿದ್ದ. ಅಪ್ಪ ಜನ್ಮದಲ್ಲಿ ಬೀಡಿ ಮುಟ್ಟಿರಲಿಲ್ಲ. ಹಾಗೆಂದು ಹೇಳಿದರೆ, ಕದ್ದು ಸೇದುತ್ತಾನೆ ಎಂದಿದ್ದ.

"ದಾವಲ್‌ಸಾಬ್, ಗಾಡಿ ತೆಗೀರಿ. ಮಿಲ್ಲಿಗೆ."

"ಮೇಡಂ, ನಾಷ್ಟಾ —"

"ಗಾಡಿ ತೆಗೀರಿ!"

*

ಪ್ಯಾಕಿಂಗ್ ಶೆಡ್ಡು ಉದ್ದಕ್ಕೆ ಚಾಚಿಕೊಂಡಿತ್ತು. ಒಂದು ತುದಿಯಲ್ಲಿ ಹೆಂಗಸರು ಕೂತು ಅಕ್ಕಿ ತೂಗಿ ಚೀಲ ಕಟ್ಟುವ ಜಾಗ. ಇನ್ನೊಂದು ತುದಿಯಲ್ಲಿ ಸೂರು ಮುಟ್ಟುವ ಹಾಗೆ ಒಟ್ಟಿದ ಮೂಟೆಗಳು. ಮೇಲೆ ತಾಡಪಾಲು ಹೊದಿಸಲಾಗಿತ್ತು. ಗುಬ್ಬಿ ಬರಬಾರದೆಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಬಡಿದಿದ್ದರು. ಗೋಡೆಯ ಮೇಲೆ ಬಣ್ಣದ ಅಕ್ಷರ: 'ನಗುನಗುತ ದುಡಿಯೋಣ'.

ತೂಕದ ಯಂತ್ರದ ಮುಂದೆ ಎಲೆಕ್ಟ್ರಿಷಿಯನ್ ಹುಲಿಗೇಶ ತಲೆ ಕೆರೆದುಕೊಳ್ಳುತ್ತ ಕೂತಿದ್ದ.

"ಏನಾಗೈತೋ?"

"ಇದರ ಸಲುವಾಗಿ ಜೀವ ಸಾಕಾಗೈತ್ರಿ. ಹೊಸಾ ವಯರ್ ಹಾಕಿದ್ರ ತಾಮ್ರ ಕರ್ರಗಾಗಿ ಕುಂದರ್ತೈತಿ. ಈ ವಾರ ಮತ್ತ ಬಂದ್. ನಾ ಕೆಲಸಗಳ್ಳ ಅಂತ ಬೈಸ್ಕೊಳ್ಳೂದು."

"ಹೊರಗಿನ ಲಾರಿ ತೂಗೂ ಕಾಟಾ?"

"ಅದು ಬೇಫಿಕರ್ ನಡದೈತ್ರಿ. ಇದೊಂದಕ್ಕೇ ಏನು ಧಾಡಿಯೋ!"

ಪದ್ಮಾವತಿ ವಯರಿನ ತುದಿ ನೋಡಿದಳು. ಸುಟ್ಟಿರಲಿಲ್ಲ. ತಾಮ್ರದ ಮೇಲೆ ಕಪ್ಪು ಹತ್ತಿತ್ತು, ಅಷ್ಟೆ. ಆಗ ತಾಡಪಾಲಿನ ಹತ್ತಿರ ಹೋಗಿದ್ದ ದಾವಲ್‌ಸಾಬ್ ಮೂಗು ಏರಿಸಿದ.

"ಮೇಡಂ, ಇಲ್ಲಿ ಯಾರೋ ಬಳ್ಳೊಳ್ಳಿ ಜಜ್ಜಿದಂಗೈತಲ್ಲ?"

"ಹೊರಗ ಬರ್ರಿ!"

"ಆಂ?"

"ಹೊರಗ! ಎಲ್ರೂ! ಹುಲಿಗೇಶ, ಬಿಡೋ ಆ ವಯರ್!"

ಅಂಗಳಕ್ಕೆ ಬಂದ ಮೇಲೆ ಆಕೆ ಬಾಗಿಲಿಗೆ ಪೇದೆಯನ್ನು ನಿಲ್ಲಿಸಿದಳು. ಗದ್ದಲ ಕೇಳಿ ಜಂಬಣ್ಣ, ಚನ್ನು ಇಬ್ಬರೂ ಓಡಿ ಬಂದರು.

"ಮೂಟಿಗೆ ಗುಳಿಗಿ ಇಡೂದು ಯಾರ್ರಿ?"

"ಮಸ್ಕಿ ಬಂದೇಸಾಬ," ಎಂದ ಜಂಬಣ್ಣ. "ಲೈಸನ್ಸ್ ಇದ್ದಾವ. ಅದಕ್ಕೂ ಇದಕ್ಕೂ ಏನ್ರಿ ಸಂಬಂಧ? ಮಿಲ್ಲು ಬಂದ್ ಬಿದ್ದೈತಿ, ಲಾರಿ ನಿಂತಾವ, ನೀವು ವಯರ್ ನೋಡಾಕತ್ತೀರಿ!"

"ಖಾಲಿ ಕೊಳವಿ ಎಲ್ಲಿ ಇಡ್ತೀರಿ?"

"ಸ್ಟೋರ್ ರೂಮಿನಾಗ," ಎಂದ ಚನ್ನು. "ಆದರ ಆದಮ್ಮ ಕಸ ಹೊಡಿಯಾಕ ಅಲ್ಲಿಗೂ ಹೋಗ್ತಾಳ್ರಿ."

ಶೆಡ್ಡಿನ ಗೋಡೆಗೆ ಹತ್ತಿಕೊಂಡೇ, ಹೊರಬಾಗಿಲಿದ್ದ ಒಂದು ಗಾಜಿನ ಕೋಣೆ ಇತ್ತು. ಒಳಗೆ ಏನೂ ಇಲ್ಲ. ಧೂಳು ತುಂಬಿದ ನೆಲದ ನಡುವೆ ಮೇಜು ಇದ್ದಷ್ಟು ಜಾಗ ಮಾತ್ರ ಸ್ವಚ್ಛ.

"ಇದು ಯಾರ ಕ್ವಾಣಿ?"

"ನಂದೇರಿ. ಎ.ಸಿ. ಕೆಟ್ಟೈತಿ. ಅದಕ್ಕ ಈ ವಾರ ಕಾಟಾದ ರೂಮಿಗೆ ಸರಿದೀನಿ," ಎಂದ ಚನ್ನು. ಅವನ ಫೋನು ಬಂತು. ಮಾತಾಡುತ್ತ ಆಚೆ ಹೋದ.

ಪದ್ಮಾವತಿ ಬಾಗಿಲು ತೆರೆದಿಟ್ಟು ಗುಂಡಿ ಒತ್ತಿದಳು. ಗುರ್ರೆಂದು ಸದ್ದಾಯಿತು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಆಕೆ ಆರಿಸಿ, ಜೀಪು ಹತ್ತಿದಳು.

*

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ಬಂದೇಸಾಬನ ಅಂಗಡಿ. ಪೊಲೀಸರನ್ನು ನೋಡಿದ್ದೇ ಎದ್ದು ನಿಂತ. ಸುದ್ದಿ ಕೇಳಿ ಮತ್ತೆ ಕೂತುಬಿಟ್ಟ.

"ಯಾ ಅಲ್ಲಾ... ಒಳಗ ಹೆಣ್ಮಕ್ಕಳು ಕುಂತಿದ್ರೇನ್ರಿ?"

"ನೀವೇನು ಹೇಳಿ ಬಂದಿದ್ರಿ?"

"ನಾ ಬಂದು ತಾಡಪಾಲು ತೆಗೆಯೂತನಕ ಒಂದು ನರಪಿಳ್ಳೆ ಒಳಗ ಹೋಗಬಾರ್ದು ಅಂದಿದ್ದೆ. ತಾಡಪಾಲಿನ ಅಂಚಿಗೆ ಸುತ್ತ ಉಸುಕಿನ ಚೀಲ ಇಟ್ಟಿದ್ದೆ, ಹೊಗಿ ಹೊರಗ ಬರಬಾರ್ದಂತ. ಬಾಗಲಿಗೆ ನನ್ನ ಕೈಯಾರೆ ಕೆಂಪು ತಗಡಿನ ಬೋರ್ಡ್ ಬಡಿದೀನಿ."

"ಈಗ ಚೀಲ ಇಲ್ಲ. ಬೋರ್ಡೂ ಇಲ್ಲ."

"ಹಂಗಂದ್ರ ಯಾರೋ ತೆಗೆದಾರ್ರಿ!"

"ಗೊತ್ತಾತು ಮಾರಾಯ. ಯಾರಿಗೆ ಹೇಳಿದ್ರಿ ಅದನ್ನ ಹೇಳ್ರಿ. ಜಂಬಣ್ಣಗೋ?"

ಬಂದೇಸಾಬ ಹೆಸರು ಹೇಳಿದ. ಪದ್ಮಾವತಿ ಅವನನ್ನೂ ಜೀಪಿಗೆ ಹತ್ತಿಸಿಕೊಂಡಳು.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೇವಿನ ಗಿಡದ ಕೆಳಗೆ ಎಲ್ಲರೂ ಸೇರಿದ್ದರು. ಆದಮ್ಮನನ್ನೂ ಪದ್ಮಾವತಿ ಠಾಣೆಯಿಂದ ಕರೆಸಿದ್ದಳು.

"ಈಗರ ಅರೆಸ್ಟ್ ಮಾಡ್ತೀರೋ ಇಲ್ಲೋ?" ಜಂಬಣ್ಣ ಕೇಳಿದ.

"ಮಾಡ್ತೀನಿ. ಮೊದ್ಲ ಒಂದು ಹೇಳ್ರಿ. ನಿನ್ನೆ ಚಾ ಯಾರ್ಯಾರು ಕುಡಿದ್ರಿ?"

ಹಮಾಲರು ಕೈ ಎತ್ತಿದರು. ಲಾರಿ ಚಾಲಕರು, ಕಾಟಾದವನು, ಹುಲಿಗೇಶ ಕೈ ಎತ್ತಿದರು.

"ಕಿಟ್ಲಿ ಎಷ್ಟಿದ್ವು ಆದಮ್ಮ?"

"ಒಂದೇರಿ. ಎಲ್ರಿಗೂ ಅದರಾಗೇ."

"ಒಂದೇ ಕಿಟ್ಲಿ. ಹೊರಗ ಕುಡಿದವರು ಗಟ್ಟಿಮುಟ್ಟ ನಿಂತಾರ. ಒಳಗಿದ್ದ ಯಂಕಮ್ಮ ಚಾ ಮುಟ್ಟೇ ಇಲ್ಲ, ಆಕಿ ಬಿದ್ದಾಳ. ಹಂಗಾದ್ರ ವಿಷ ಎಲ್ಲಿತ್ರಿ ಜಂಬಣ್ಣೋರ? ಚಾದಾಗೋ, ಶೆಡ್ಡಿನಾಗೋ?"

ಜಂಬಣ್ಣ ಶೆಡ್ಡಿನತ್ತ ತಿರುಗಿ ನೋಡಿದ.

"ಗಾಳಿಯಾಗಿತ್ತು. ಮೂಟಿಗಿಟ್ಟ ಗುಳಿಗಿ ಹೊಗಿ. ಅದರ ವಾಸನಿ ಬಳ್ಳೊಳ್ಳಿ ಹಂಗ. ಡಾಕ್ಟರ್ ಅದನ್ನ ಚಟ್ನಿ ಅಂದ್ರು. ಅದೇ ಹೊಗಿ ತಾಮ್ರಕ್ಕ ಹತ್ತಿದ್ರ ಕರ್ರಗ ಮಾಡ್ತೈತಿ ಅಂತ ದಾರಿಯಾಗ ಬಂದೇಸಾಬ ಹೇಳಿದ್ರು. ನೀವು ಹುಲಿಗೇಶಗ ಕೆಲಸಗಳ್ಳ ಅಂದ್ರಿ. ಹೆಣ್ಮಕ್ಕಳು ತಲಿನೋವು ಅಂದ್ರು, ನಿಶ್ಶಕ್ತಿ ಅಂದ್ರಿ. ತಾಮ್ರ ಕೆಡೋ ಗಾಳಿಯಾಗ ಮನಷ್ಯಾರು ಹೆಂಗ ಇರ್ತಾರ ಅಂತ ಒಬ್ಬರಿಗೂ ಹೊಳೀಲಿಲ್ಲೇನ್ರಿ?"

"ಆದರ ಆಕಿ ಸಾಯ್ತಿ ಅಂದದ್ದು?" ಗುಂಪಿನಿಂದ ಯಾರೋ ಕೇಳಿದರು.

"ಅದನ್ನ ಆಕಿನ್ನೇ ಕೇಳ್ರಿ. ನಿನ್ನೆಯಿಂದ ಯಾರೂ ಕೇಳಿಲ್ಲ. ನಾನೂ ಸುದ್ದಾ."

ಆದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ದಿನಾ ವಾಂತಿ ಮಾಡ್ಕೊಂಡು ಬರ್ತಿದ್ಲುರಿ. ನಿನ್ನೆ ನಡಿಯಾಕೂ ಆಗ್ತಿದ್ದಿಲ್ಲ. ಆ ಶೆಡ್ಡಿನಾಗ ಹೋಗಬ್ಯಾಡ, ಹೋದ್ರ ಸಾಯ್ತಿ ನೋಡು ಅಂತ ಗೇಟಿನಾಗ ಅಡ್ಡ ನಿಂತೆ. ಒಂದು ದಿನ ತಪ್ಪಿಸಿದ್ರ ಮತ್ತ ಗೇಟಿನೊಳಗ ಬಿಡಂಗಿಲ್ಲ ಅಂದಾರ ಅತ್ತಿ ಅಂತ ನನ್ನ ಕೈ ಕೊಸರ್ಕೊಂಡು ಹೋದ್ಲು."

ಕಟ್ಟಿಗೆ ಹಿಡಿದಿದ್ದವನೊಬ್ಬ ಅದನ್ನು ಮೆಲ್ಲಗೆ ನೆಲಕ್ಕಿಟ್ಟ.

ಪದ್ಮಾವತಿ ಜೇಬಿನಿಂದ ಕಾಗದ ಬಿಚ್ಚಿದಳು. "ಇದು ಒಲಿ ಹಿಂದ ಸಿಕ್ಕ ಕೊಳವಿ. ಆ ಕ್ವಾಣಿಯೊಳಗ ಮಸಿ ಹತ್ತದ ಒಂದು ಚಮಚ ಇಲ್ಲ. ದಾವಲ್‌ಸಾಬ್ ಕೈ ಹಾಕಿ ತೆಗಿಯೂದ್ರಾಗ ಮೊಳಕೈತನಕ ಕರ್ರಗಾದ್ರು. ಇದು ಮಾತ್ರ ಹೊಸಾ ತಾಟಿನಂಗ ಹೊಳಿಯಾಕತ್ತೈತಿ. ಅಂದ್ರ ನಾವು ಬರೂಕಿಂತ ತುಸು ಮೊದ್ಲ ಯಾರೋ ಇಟ್ಟಾರ. ಅಡಿಗಿ ಕ್ವಾಣಿ ನೋಡ್ರಿ ಅಂತ ನನಗ ಹೇಳಿದ್ದು ಯಾರು?"

ಎಲ್ಲರ ಕಣ್ಣೂ ತಿರುಗಿದವು. ಚನ್ನು ನಕ್ಕ.

"ಮೇಡಂ, ನಾ ಸಹಾಯ ಆಗಲಿ ಅಂತ —"

"ಎ.ಸಿ. ಕೆಟ್ಟೈತಿ ಅಂದಿ. ನಾ ಹಚ್ಚಿ ನೋಡೀನಿ. ಬರ್ಫದಂಗ ಗಾಳಿ ಬಿಡ್ತೈತಿ. ಬಂದೇಸಾಬ, ಗುಳಿಗಿ ಇಟ್ಟ ದಿನ ಯಾರಿಗೆ ಹೇಳಿದ್ರಿ?"

"ಇವರಿಗೇರಿ. ಚನ್ನು ಸಾವಕಾರ್ಗೆ. ನಾ ಇರೂವಾಗ್ಲೇ ತಮ್ಮ ಟೇಬಲ್ ಹೊರಗ ಸಾಗಿಸಿದ್ರು."

"ಟೇಬಲ್ ಸಾಗಿಸಿದಿ," ಪದ್ಮಾವತಿಯ ದನಿ ಏರಿತು. "ಗಾಜಿನ ಗೋಡಿ ಆಚೆ ಕುಂತ್ರೂ ನಿನ್ನ ಜೀವಕ್ಕ ಭಯ ಆತು. ಆ ಹೆಣ್ಮಕ್ಕಳನ್ನ ತಾಡಪಾಲಿನ ಮುಂದ ಕುಂದರಿಸಿದಿ! ತಳ್ಳೋಗಾಡಿ ಓಡ್ಯಾಡಾಕ ಅಡ್ಡ ಆಗ್ತಾವಂತ ಉಸುಕಿನ ಚೀಲ ತೆಗಿಸಿದಿ, ಹಮಾಲರೇ ಹೇಳ್ಯಾರ. ಬೋರ್ಡ್ ಎಲ್ಲೈತಿ?"

"ಯಾವ ಬೋರ್ಡ್? ನನಗ ಗೊತ್ತಿಲ್ರಿ."

ಮಸ್ಕಿಯಿಂದ ಬಂದಕೂಡಲೇ ಅವಳು ಮಿಲ್ಲಿನ ಕೋಣೆಗಳನ್ನೆಲ್ಲ ಹುಡುಕಿಸಿದ್ದಳು; ಈಗ ದಾವಲ್‌ಸಾಬನಿಗೆ ಕಣ್ಸನ್ನೆ ಮಾಡಿದಳು. ಅವನು ಕಾಟಾದ ಕೋಣೆಗೆ ಹೋಗಿ, ಚನ್ನುವಿನ ಮೇಜಿನ ಹಿಂದಿನ ಕಿಟಕಿಗೆ ಬಿಸಿಲು ಬೀಳದಂತೆ ಒರಗಿಸಿದ್ದ ತಗಡನ್ನು ಹೊತ್ತು ತಂದ. ಹಿಂಬದಿ ಬರೀ ತಗಡು. ತಿರುವಿ ಹಾಕಿದರೆ ಕೆಂಪು ಬಣ್ಣ, ತಲೆಬುರುಡೆ, ದೊಡ್ಡ ಅಕ್ಷರ: ಅಪಾಯ. ಒಳಗೆ ಹೋಗಬೇಡಿ.

"ಇದು ನನ್ನದೇರಿ," ಎಂದ ಬಂದೇಸಾಬ, ದನಿ ಎತ್ತದೆ.

ಚನ್ನುವಿನ ಮುಖದ ನಗು ಇಳಿದುಹೋಯಿತು. "ಕಾಕಾ, ನೀವೇ ಹೇಳಿದ್ರಿ... ಲಾರಿ ತಡಾ ಆಗಬಾರ್ದಂತ... ಹಿಂದೆಲ್ಲಾ ಹಿಂಗೇ ಮಾಡೀವಿ, ತಲಿನೋವು ಬರ್ತಿತ್ತು, ಹೋಗ್ತಿತ್ತು. ಯಾರೂ ಸತ್ತಿಲ್ಲ..."

"ಲೇ, ತಡಾ ಮಾಡಬ್ಯಾಡ ಅಂದೀನಿ. ಮಂದಿನ್ನ ಸಾಯಿಸು ಅಂದೀನೇನು?" ಜಂಬಣ್ಣ ಅಬ್ಬರಿಸಿದ.

"ಸಂಡಾಸಕ್ಕ ಕೀಲಿ ಹಾಕ್ಸಿದ್ದು ಯಾರ್ರಿ?" ಪದ್ಮಾವತಿ ಕೇಳಿದಳು. "ಕಿಟಕಿಗೆ ಪ್ಲಾಸ್ಟಿಕ್ ಬಡಿಸಿದ್ದು? ಜಡ್ಡಿಲೆ ಮನಿಯಾಗ ಉಳಿದ್ರ ಗೇಟಿನೊಳಗ ಬಿಡಬ್ಯಾಡ ಅಂದದ್ದು?"

ಜಂಬಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ನೀವೂ ಠಾಣೆಗೆ ಬರ್ರಿ. ಕಾರ್ಖಾನಿ ಇಲಾಖೆಯವರೂ ಬರ್ತಾರ. ದಾವಲ್‌ಸಾಬ್, ಚನ್ನುನ್ನ ಜೀಪಿಗೆ ಹತ್ತಸ್ರಿ. ಮೇಲಿನ ಸಾಹೇಬ್ರಿಗೆ ಫೋನ್ ಹಚ್ರಿ — ಸಂಜಿ ಒಳಗ ಮುಗಿಸೀನಿ ಅಂತ ಹೇಳ್ರಿ."

*

ಆಸ್ಪತ್ರೆಗೆ ಆದಮ್ಮನನ್ನು ಪದ್ಮಾವತಿಯೇ ಕರೆದುಕೊಂಡು ಹೋದಳು. ಯಾವ ವಿಷದ ಹೊಗೆಯೆಂದು ತಿಳಿದ ಮೇಲೆ ವೈದ್ಯರು ದುರುಗಮ್ಮನ ಪಕ್ಕ ಬಿಟ್ಟು ಕದಲಿರಲಿಲ್ಲ. ಈಗ ಅವಳ ಕಣ್ಣು ತೆರೆದಿತ್ತು. ಅತ್ತೆಯನ್ನು ಕಂಡು ತುಟಿ ಅಲುಗಿತು.

ಆದಮ್ಮ ಅಳಲಿಲ್ಲ. ಮಂಚದ ಅಂಚಿಗೆ ಕೂತು, ಕೂದಲಿಗೆ ಅಂಟಿದ್ದ ಅಕ್ಕಿ ಕಾಳನ್ನು ಒಂದೊಂದಾಗಿ ತೆಗೆಯುತ್ತ ಬೈಯತೊಡಗಿದಳು. ಮೊಂಡಿ ಎಂದಳು, ಕಿವುಡಿ ಎಂದಳು, ನಿನ್ನ ಗಂಡ ದುರುಗೇಶನಿಗೆ ಏನು ಹೇಳಲಿ ಎಂದಳು. ದುರುಗಮ್ಮ ಅವಳ ಸೆರಗು ಹಿಡಿದುಕೊಂಡು ಕೇಳುತ್ತಿದ್ದಳು.

ಬೈಗುಳ ಮುಗಿಯುವವರೆಗೂ ಪದ್ಮಾವತಿ ಕಾದಳು. ಆಮೇಲೆ ಮೆಲ್ಲಗೆ ಕೇಳಿದಳು: "ದುರುಗಮ್ಮ, ಹೇಳಿಕಿ ಬೇಕಾಗೈತವ್ವ. ಇವತ್ತ ಆಗದಿದ್ರ ನಾಳಿಗೆ. ಮೊದ್ಲಿಂದ ಏನೇನಾತು ಹೇಳಬೇಕು."

ದುರುಗಮ್ಮ ಉಸಿರು ಎಳೆದುಕೊಂಡಳು. "ಮೊದ್ಲಿಂದ ಅಂದ್ರ ಯಾವತ್ತಿಂದ್ರಿ? ನಿನ್ನೆಯಿಂದೋ? ಮಿಲ್ಲಿಗೆ ಬಂದ ದಿನದಿಂದೋ?"

ಪದ್ಮಾವತಿ ಸ್ಟೂಲು ಎಳೆದುಕೊಂಡು ಕೂತಳು. ಸೊಂಟ ಸೆಳೆಯಿತು. ಬಡಿದುಕೊಳ್ಳುತ್ತಿದ್ದ ಫೋನನ್ನು ತೆಗೆದು ಬಾಯಿ ಮುಚ್ಚಿಸಿದಳು.

"ಬಂದ ದಿನದಿಂದ," ಎಂದಳು. "ಒಂದೂ ಬಿಡಬ್ಯಾಡ."